ಮಂಗಳೂರಿನ ಮಾತ್ರೆ ಜಾಸ್ತಿ ಸ್ಟ್ರಾಂಗಾ?

ಪ್ರಶ್ನೆ: ನಾವು ಕುಮಟಾದವರು. ಅಣ್ಣನಿಗೆ ಎಚ್‌ಐವಿ ಇದೆ. ಪ್ರತಿ ಸಲ ಮಂಗಳೂರಿಗೇ ಹೋಗಿ ಮಾತ್ರೆ ತರುತ್ತಾನೆ. ಕಾರವಾರದಲ್ಲಿ ತಗೊಂಡರೆ ಆಗೋದಿಲ್ವಾ? ಅಲ್ಲಿಯದು ಅಷ್ಟು ಸ್ಟ್ರಾಂಗ್ ಅಲ್ಲ ಅಂತಾನೆ.

ಆಗುತ್ತದೆ. ಧಾರಾಳವಾಗಿ ಆಗುತ್ತದೆ. ಊರಿನ ಹೆಸರು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಶಿರಸಿಯವರಿಗೆ ಹುಬ್ಬಳ್ಳಿ ಮಾತ್ರೆ ಮೇಲು, ಭಟ್ಕಳದವರಿಗೆ ಉಡುಪಿಯದ್ದು. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ.

ಅಣ್ಣನನ್ನು ಕೂರಿಸಿಕೊಂಡು ಇದನ್ನು ಓದಿ ಹೇಳಿ. ಸರ್ಕಾರಿ ಎ.ಆರ್.ಟಿ ಕೇಂದ್ರದ (ಎಚ್‌ಐವಿ ಔಷಧ ಕೊಡುವ ಕೇಂದ್ರ) ಮಾತ್ರೆಯನ್ನು ಆಯಾ ಊರಿನ ಆಸ್ಪತ್ರೆ ತನಗೆ ಬೇಕಾದಂತೆ ಕೊಂಡು ತರುವುದಿಲ್ಲ. ಕೇಂದ್ರ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋ ಇಡೀ ದೇಶಕ್ಕೆ ಖರೀದಿಸಿ ಕಳಿಸುತ್ತದೆ. 2004ರಿಂದ ಇದು ಉಚಿತ. ಈಗ ಹೆಚ್ಚಿನವರು ದಿನಕ್ಕೊಂದು ನುಂಗುವ ಮಾತ್ರೆಯಲ್ಲಿ ಟೆನೊಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿವೆ. ಡಬ್ಬಿ ತಿರುಗಿಸಿ ನೋಡಿ: 300, 300, 50 ಮಿಲಿಗ್ರಾಂ. ಮಂಗಳೂರಿನಲ್ಲೂ ಅಷ್ಟೇ, ಕಾರವಾರದಲ್ಲೂ ಅಷ್ಟೇ. ಕಂಪನಿ ಬದಲಾದರೆ ಮಾತ್ರೆಯ ಬಣ್ಣ, ಆಕಾರ ಬದಲಾಗಬಹುದು. ಅದನ್ನು ಕಂಡು ಗಾಬರಿಯಾಗಬೇಡಿ. ಹೆಸರು ಮತ್ತು ಮಿಲಿಗ್ರಾಂ ಓದಿ.

ನಿಜ ಹೇಳಬೇಕೆಂದರೆ, ಔಷಧದ ಬಲ ಕೆಡಿಸುವುದು ದೂರವೇ. ಮಂಗಳೂರಿಗೆ ಹೋಗುವುದು ಸುಮಾರು 200 ಕಿಲೋಮೀಟರ್. ಬಸ್ ಚಾರ್ಜು ಆಯಿತು, ಒಂದು ದಿನದ ಕೂಲಿಯೂ ಹೋಯಿತು. ಕೈಯಲ್ಲಿ ದುಡ್ಡಿಲ್ಲದ ತಿಂಗಳು "ಮುಂದಿನ ವಾರ ಹೋದರಾಯ್ತು" ಅನಿಸುತ್ತದೆ, ಅಷ್ಟರಲ್ಲಿ ಡಬ್ಬಿ ಖಾಲಿ. ಮಾತ್ರೆ ನಿಂತರೆ ವೈರಸ್ ಮತ್ತೆ ಹೆಚ್ಚುತ್ತದೆ. ಪದೇ ಪದೇ ತಪ್ಪಿದರೆ ಅದೇ ಔಷಧಕ್ಕೆ ಬಗ್ಗದ ಹಾಗೂ ಆಗಬಹುದು.

"ಸ್ಟ್ರಾಂಗ್" ಅನ್ನುವ ಮಾತಿನ ಹಿಂದೆ ಎಷ್ಟೋ ಸಲ ಬೇರೆ ಹೆದರಿಕೆ ಇರುತ್ತದೆ. ಗುರುತಿನವರು ಕಂಡರೆ? ಇದು ಸಣ್ಣ ವಿಷಯವಲ್ಲ. ಒಪ್ಪಿಗೆ ಇಲ್ಲದೆ ಸಿಬ್ಬಂದಿ ಯಾರಿಗೂ ಹೇಳುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ. ಆದರೂ ಅಣ್ಣನಿಗೆ ಮನಸ್ಸು ಒಪ್ಪದಿದ್ದರೆ ಬಲವಂತ ಮಾಡಬೇಡಿ. ಮಾತ್ರೆ ತಪ್ಪದಿದ್ದರೆ ಸಾಕು.

ಬದಲಾಯಿಸುವುದಾದರೆ ಸುಮ್ನೆ ಬಿಟ್ಟು ಬರಬಾರದು. ಮಂಗಳೂರಿನ ಕೇಂದ್ರದಲ್ಲೇ ಟ್ರಾನ್ಸ್‌ಫರ್ ಕೇಳಿ. ಹಳೆಯ ದಾಖಲೆ ಜೊತೆಗೆ ಬರುತ್ತದೆ, ಮೊದಲಿಂದ ಶುರು ಮಾಡಬೇಕಿಲ್ಲ. ಆರೋಗ್ಯ ಸ್ಥಿರವಾಗಿದ್ದರೆ ಇನ್ನೂ ಹತ್ತಿರದ ಲಿಂಕ್ ಎ.ಆರ್.ಟಿ ಕೇಂದ್ರದಿಂದ ಮಾತ್ರೆ ಪಡೆಯುವ ವ್ಯವಸ್ಥೆಯೂ ಉಂಟು. ಯಾವುದು ಹತ್ತಿರ ಎಂದು ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ ಕೇಳಿ, ಕರೆ ಉಚಿತ. ಮಳೆಗಾಲಕ್ಕೆ ಮುಂಚೆ ಒಂದಕ್ಕಿಂತ ಜಾಸ್ತಿ ತಿಂಗಳ ಮಾತ್ರೆ ಕೊಡಬಹುದೇ ಎಂದೂ ವಿಚಾರಿಸಿ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಅಂಕೋಲಾ ಕಡೆಯ ಹೆದ್ದಾರಿ ಮುಚ್ಚಿದ್ದು ನೆನಪಿದೆ ಅಲ್ವಾ?

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ಬಸ್ಸಿನಲ್ಲಿ ಕೂತು ಹೊಟ್ಟೆ ಉಬ್ಬರಿಸಿತೆಂದು ಅಂಗಡಿಯಿಂದ ಗ್ಯಾಸ್ ಸಿರಪ್ ತಂದು ಕುಡಿಯುವವರು ಬಹಳ. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಷಿಯಂ ಡೊಲುಟೆಗ್ರಾವಿರ್ ಅನ್ನು ಮೈಗೆ ಸರಿಯಾಗಿ ಸೇರಲು ಬಿಡುವುದಿಲ್ಲ. ಸಿರಪ್ ಕುಡಿಯಲೇಬೇಕಾದರೆ ಅದಕ್ಕೆ 2 ಗಂಟೆ ಮೊದಲು ಮಾತ್ರೆ ತಗೊಳ್ಳಲಿ, ಇಲ್ಲವೇ ಕುಡಿದು 6 ಗಂಟೆ ಆದ ಮೇಲೆ.