‘ಪಾಪ ಮಾಡಿದ್ದು ಯಾರು?’ ಎಂಬ ಪ್ರಶ್ನೆಯ ಹಿಂದೆ ಮುಂದೆ

ದಾರಿಯಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಯೇಸುವನ್ನು ಕೇಳಿದರು: ಪಾಪ ಮಾಡಿದ್ದು ಯಾರು, ಇವನೋ ಇವನ ಹೆತ್ತವರೋ? ಇವನೂ ಅಲ್ಲ, ಹೆತ್ತವರೂ ಅಲ್ಲ ಎಂದರು ಯೇಸು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಇದು ಇಷ್ಟು ನೇರವಾಗಿದೆ. ಆದರೂ ಆ ಪ್ರಶ್ನೆ ಕ್ರೈಸ್ತ ಸಭೆಯನ್ನು ಬಿಟ್ಟು ಹೋಗಿಲ್ಲ. ವಿಕಲಚೇತನ ಮಗು ಇರುವ ಮನೆಗೆ ಬಂದು ‘ನಿಮ್ಮ ಪ್ರಾರ್ಥನೆ ಸಾಲದು’ ಎನ್ನುವವರು ಇದ್ದಾರೆ. ಗಾಲಿಕುರ್ಚಿಯಲ್ಲಿ ಕೂತವರ ತಲೆ ಮೇಲೆ ಕೇಳದೆಯೇ ಕೈಯಿಟ್ಟು ಸ್ವಸ್ಥತೆ ಬೇಡುವವರೂ ಇದ್ದಾರೆ. ಬೈಬಲಿನ ಭಿಕ್ಷುಕ ಬಾರ್ತಿಮಾಯನಿಗೆ ಕಣ್ಣಿಲ್ಲ ಅನ್ನುವುದು ಎದುರಿಗೇ ಕಾಣುತ್ತಿತ್ತು. ಆದರೂ ಯೇಸು ಮೊದಲು ಕೇಳಿದ್ದು, ನಾನು ನಿನಗೆ ಏನು ಮಾಡಬೇಕು ಅಂತ.

ಈ ಎಳೆದಾಟ ಬೈಬಲಿನಲ್ಲೇ ಇದೆ. ಕಿವುಡರನ್ನು ಬೈಯಬೇಡಿ, ಕುರುಡರ ದಾರಿಗೆ ಅಡ್ಡ ಇಡಬೇಡಿ ಎನ್ನುವುದು ಯಾಜಕಕಾಂಡ. ದೇಹದಲ್ಲಿ ಊನವಿರುವ ಯಾಜಕ ಬಲಿಪೀಠದ ಹತ್ತಿರ ಬರಬಾರದು ಎನ್ನುವುದೂ ಅದೇ ಪುಸ್ತಕ. ಸಭೆ ಎರಡನೆಯದನ್ನು ಬಹಳ ಕಾಲ ಬಿಗಿಯಾಗಿ ಹಿಡಿದುಕೊಂಡಿತು. 1917ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಕೆಲವು ದೈಹಿಕ ಊನಗಳು ಗುರುದೀಕ್ಷೆಗೆ ಅಡ್ಡಿಯಾಗಿದ್ದವು. ಆ ನಿಯಮ ಹೋಗಿದ್ದು 1983ರ ಸಂಹಿತೆ ಬಂದಾಗ.

ಹಾಗಂತ ಬೇರೆ ದಾರಿ ಇರಲೇ ಇಲ್ಲ ಎಂದಲ್ಲ. 4ನೇ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ದಿದಿಮಸ್ ಎಂಬವರಿದ್ದರು. ಎಳವೆಯಲ್ಲೇ ಕಣ್ಣು ಹೋಗಿತ್ತು. ಮರದಲ್ಲಿ ಕೊರೆದ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಓದು ಕಲಿತರಂತೆ, ಬ್ರೈಲ್ ಲಿಪಿಗೆ ಸುಮಾರು 1,500 ವರ್ಷ ಮೊದಲು! ಮುಂದೆ ಅಲ್ಲಿನ ಹೆಸರಾಂತ ಧರ್ಮಬೋಧನಾ ಶಾಲೆಯ ಮುಖ್ಯಸ್ಥರಾದರು. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ದಿದಿಮಸ್‌ರ ಶಿಷ್ಯ. ಸುಮಾರು ಅದೇ ಕಾಲದಲ್ಲಿ ಕೈಸರೇಯದಲ್ಲಿ ಬಿಷಪ್ ಬೆಸಿಲ್ ರೋಗಿಗಳಿಗೂ ಬಡವರಿಗೂ ದೊಡ್ಡ ಆಶ್ರಯತಾಣ ಕಟ್ಟಿಸಿದರು. ಕ್ರೈಸ್ತರು ಬೆಸಿಲರನ್ನು ಜಾಸ್ತಿ ಅನುಸರಿಸಿದರು, ದಿದಿಮಸ್‌ರಂಥವರ ಮುಂದೆ ಕೂತು ಕಲಿಯುವುದನ್ನು ಮರೆತರು. ಸೇವೆಯೇನೋ ಬೆಳೆಯಿತು, ಆದರೆ ಕೊಡುವವರು ಯಾವಾಗಲೂ ಕೊಡುವವರೇ, ಪಡೆಯುವವರು ಪಡೆಯುವವರೇ ಎಂದಾಯಿತು. ನನಗೆ ಕಾಣುವಂತೆ ಮೂಲ ತೊಡಕು ಇದೇ.

ಬೆಲ್ಜಿಯಂನ ಗೇಲ್ ಪಟ್ಟಣ ಇದನ್ನು ಸ್ವಲ್ಪ ಮುರಿಯಿತು. ಸಂತ ಡಿಂಪ್ನಾಳ ಚರ್ಚಿಗೆ ಮಾನಸಿಕ ಕಾಯಿಲೆಯವರನ್ನು ಕರೆತರುತ್ತಿದ್ದರು. ಅಲ್ಲಿ ಜಾಗ ಸಾಲದಾದಾಗ ಊರಿನವರು ಅವರನ್ನು ಮನೆಯಲ್ಲಿಟ್ಟುಕೊಂಡರು. ಬಂದವರು ಹೊಲದಲ್ಲಿ ದುಡಿದರು, ಮನೆಯವರ ಜೊತೆ ಊಟಕ್ಕೆ ಕೂತರು. ಶತಮಾನಗಳಿಂದ ನಡೆದುಬಂದ ಈ ಪದ್ಧತಿ ಈಗಲೂ ಇದೆ.

ಜರ್ಮನಿಯ ಕಥೆ ಬೇರೆ. 1934ರಲ್ಲಿ ಬಲವಂತದ ಸಂತಾನಹರಣ ಕಾನೂನು ಜಾರಿಯಾದಾಗ ಹಲವು ಕ್ರೈಸ್ತ ಆಶ್ರಯಧಾಮಗಳೇ ಅದಕ್ಕೆ ಕೈಜೋಡಿಸಿದವು. ಆಮೇಲೆ ನಾಜಿ ಸರ್ಕಾರ ವಿಕಲಚೇತನರನ್ನು ಬಸ್ಸುಗಳಲ್ಲಿ ಒಯ್ದು ವಿಷಾನಿಲದಿಂದ ಕೊಂದಿತು. 1941ರ ಆಗಸ್ಟ್ ಒಳಗೆ ಸತ್ತವರು 70,000ಕ್ಕೂ ಹೆಚ್ಚು. ಆ ಆಗಸ್ಟ್ 3ರಂದು ಮ್ಯೂನ್‌ಸ್ಟರ್‌ನ ಬಿಷಪ್ ಗಾಲೆನ್ ಪ್ರಸಂಗ ಪೀಠದಿಂದಲೇ ಇದನ್ನು ಕೊಲೆ ಎಂದು ಕರೆದರು. ಅದೇ ತಿಂಗಳು ಅನಿಲ ಕೋಣೆಗಳ ಆ ಕಾರ್ಯಕ್ರಮ ನಿಂತಿತು, ಆದರೆ ಕೊಲೆಗಳು ಬೇರೆ ರೀತಿಯಲ್ಲಿ ಗುಟ್ಟಾಗಿ ಮುಂದುವರಿದವು.

1964ರಲ್ಲಿ ಫ್ರಾನ್ಸಿನ ತ್ರೊಲಿ-ಬ್ರೈ ಎಂಬ ಹಳ್ಳಿಯಲ್ಲಿ ಜಾನ್ ವಾನಿಯೆ ಬುದ್ಧಿಮಾಂದ್ಯತೆಯಿದ್ದ ಇಬ್ಬರ ಜೊತೆ ಒಂದೇ ಮನೆಯಲ್ಲಿ ಬಾಳತೊಡಗಿದರು. ಅದರಿಂದ ಲಾರ್ಶ್ ಸಮುದಾಯಗಳು ಹುಟ್ಟಿದವು. ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದ ಪಾದ್ರಿ ಹೆನ್ರಿ ನೌವೆನ್ 1986ರಲ್ಲಿ ಟೊರಾಂಟೊ ಬಳಿಯ ಲಾರ್ಶ್ ಮನೆಗೆ ಬಂದರು. ಮಾತು ಬಾರದ, ಆಗಾಗ ಫಿಟ್ಸ್ ಬರುತ್ತಿದ್ದ ಆ್ಯಡಂ ಎಂಬ ಯುವಕನನ್ನು ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಗಡ್ಡ ಬೋಳಿಸಿ, ಬಟ್ಟೆ ತೊಡಿಸಿ, ತಿಂಡಿಗೆ ಕೂರಿಸುವುದು ಅವರ ಪಾಲಿನ ಕೆಲಸ. ಸುಮಾರು ಎರಡು ಗಂಟೆ ಹಿಡಿಯುತ್ತಿತ್ತು. ಮೊದಮೊದಲು ಅವರಿಗೆ ಹೆದರಿಕೆಯೇ. ಆತುರಪಟ್ಟರೆ ಏನೂ ನಡೆಯುತ್ತಿರಲಿಲ್ಲ. ಬರೆದು, ಭಾಷಣ ಮಾಡಿ ಹೆಸರು ಗಳಿಸಿದ ಮನುಷ್ಯ, ಆ ಯಾವುದೂ ಲೆಕ್ಕಕ್ಕೇ ಬಾರದ ಒಬ್ಬನ ಪಕ್ಕದಲ್ಲಿ ನಿಧಾನವಾಗಿ ಇರುವುದನ್ನು ಕಲಿತರು. ಕೊನೆಗೆ ಆ್ಯಡಂನನ್ನೇ ತಮ್ಮ ಗುರು ಎಂದರು.

ಇದೇ ಚಳವಳಿಯ ನೋವಿನ ಸಂಗತಿಯನ್ನೂ ಹೇಳಲೇಬೇಕು. ವಾನಿಯೆ ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದರು ಎಂದು ಲಾರ್ಶ್ ನಡೆಸಿದ ತನಿಖೆಯೇ 2020ರಲ್ಲಿ ಹೇಳಿತು. ಆ ಮಹಿಳೆಯರು ಕನಿಷ್ಠ 25 ಮಂದಿ ಎಂದು 2023ರ ವರದಿ ತಿಳಿಸಿತು. ವಿಕಲಚೇತನರು ಅವರಲ್ಲಿ ಇದ್ದ ಸುಳಿವು ಸಿಗಲಿಲ್ಲ. ಆದರೂ ಸೇವೆ ಮಾಡುವವರನ್ನು ಸಂತರ ಸಾಲಿನಲ್ಲಿ ಕೂರಿಸಿದರೆ ಪ್ರಶ್ನೆ ಕೇಳುವವರೇ ಇಲ್ಲವಾಗುತ್ತಾರೆ ಅಲ್ವಾ?

ಅಷ್ಟರಲ್ಲಿ ವಿಕಲಚೇತನರೇ ದೇವಶಾಸ್ತ್ರ ಬರೆಯತೊಡಗಿದ್ದರು. ಹುಟ್ಟಿನಿಂದಲೇ ಮೂಳೆಯ ತೊಂದರೆಯಿದ್ದ ಅಮೆರಿಕದ ನ್ಯಾನ್ಸಿ ಐಸ್‌ಲ್ಯಾಂಡ್ 1994ರ ತಮ್ಮ ಪುಸ್ತಕದಲ್ಲಿ ಒಂದು ಮಾತು ಎತ್ತಿ ತೋರಿಸಿದರು: ಪುನರುತ್ಥಾನದ ನಂತರವೂ ಯೇಸುವಿನ ಕೈಕಾಲುಗಳಲ್ಲಿ ಗಾಯಗಳಿದ್ದವು. ಅಂದರೆ ಪರಿಪೂರ್ಣ ದೇಹ ಎಂದರೆ ಊನವೇ ಇಲ್ಲದ ದೇಹ ಎಂಬ ನಮ್ಮ ಕಲ್ಪನೆಯೇ ಸರಿಯಿಲ್ಲ.

ಅಮೆರಿಕದಲ್ಲಿ 1990ರ ವಿಕಲಚೇತನರ ಹಕ್ಕುಗಳ ಕಾನೂನು ಬಂದಾಗ, ಸಾರ್ವಜನಿಕ ಜಾಗಗಳಿಗೆ ಹಾಕಿದ ನಿಯಮಗಳಿಂದ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟರು. ಕಾನೂನು ಬಲವಂತ ಮಾಡದಿದ್ದರೂ ಎಷ್ಟೋ ಚರ್ಚುಗಳು ಬಾಗಿಲಿಗೆ ರ‍್ಯಾಂಪ್ ಹಾಕಿಸಿವೆ, ಒಳ್ಳೆಯದೇ. ಪ್ರಸಂಗ ಪೀಠದವರೆಗೆ ರ‍್ಯಾಂಪ್ ಕಾಣುವುದು ಮಾತ್ರ ಅಪರೂಪ. ಗಾಲಿಕುರ್ಚಿಯಲ್ಲಿ ಬರುವವರು ಕೇಳಲಷ್ಟೇ ಬರುತ್ತಾರೆ, ಬೋಧಿಸಲು ಬರುವುದಿಲ್ಲ ಎಂದು ಕಟ್ಟಡ ಕಟ್ಟುವಾಗಲೇ ಅಂದುಕೊಂಡಂತಿದೆ. ಚರ್ಚ್ ರಿಪೇರಿಗೆ ಹಣ ಕೂಡಿಸುವಾಗ ಪೀಠದ ಆ ನಾಲ್ಕು ಮೆಟ್ಟಿಲುಗಳಿಂದಲೇ ಶುರು ಮಾಡಬಹುದು, ನಕ್ಷೆ ಹಾಕುವ ಮೊದಲು ರ‍್ಯಾಂಪ್ ಬಳಸುವವರನ್ನೇ ಕೇಳಿ.