ಅಮ್ಮನಿಗೆ ಒಬ್ಬರು ಇಷ್ಟವಾದರೆ ನಮಗ್ಯಾಕೆ ಕಸಿವಿಸಿ?

"ಅಮ್ಮನಿಗೆ 51 ವರ್ಷ. ಅಪ್ಪ ಹೋಗಿ ಎಂಟು ವರ್ಷ ಆಯ್ತು. ಈಗ ಒಬ್ಬರು ಇಷ್ಟವಾಗಿದ್ದಾರೆ ಅಂತಾರೆ. ಕತೆಯಲ್ಲಾದರೆ ಓದಿ ಖುಷಿಪಡ್ತೇನೆ, ನಮ್ಮ ಮನೆಯಲ್ಲಿ ಯಾಕೆ ಒಪ್ಪಲಿಕ್ಕೆ ಆಗುವುದಿಲ್ಲ?"

ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆಯಿಂದ ಇಂಥ ಪ್ರಶ್ನೆ ಆಗಾಗ ಬರುತ್ತದೆ, ಯಾವಾಗಲೂ ಹೆಸರಿಲ್ಲದೆ.

ಮೊದಲನೆಯದಾಗಿ, ಕತೆಯಲ್ಲೂ ನಾವು ಅಷ್ಟು ಸುಲಭವಾಗಿ ಒಪ್ಪಿಲ್ಲ. 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯಲ್ಲಿ ಎಳೆಯ ವಿಧವೆಗೆ ಮರುಮದುವೆ ಆಗುತ್ತದೆ, ಕತೆ ಸುಖವಾಗಿ ಮುಗಿಯುತ್ತದೆ. ಅವಳಿಗೆ ಮಕ್ಕಳಿರಲಿಲ್ಲ, ಅದನ್ನು ಗಮನಿಸಿ. 1965ರ 'ವಂಶವೃಕ್ಷ'ದಲ್ಲಿ ಭೈರಪ್ಪನವರ ಕಾತ್ಯಾಯನಿಗೆ ಮಗನಿದ್ದಾನೆ. ರಾಜನನ್ನು ಮೆಚ್ಚಿ ಮದುವೆಯಾಗುತ್ತಾಳೆ, ಮಗ ಅಜ್ಜನ ಮನೆಯಲ್ಲೇ ಉಳಿಯುತ್ತಾನೆ, ಆಮೇಲೆ ಅವಳಿಗೆ ಗರ್ಭ ನಿಲ್ಲುವುದಿಲ್ಲ, ಕೊರಗಿ ಕೊರಗಿ ಸಾಯುತ್ತಾಳೆ. ಕಾದಂಬರಿ ದೊಡ್ಡದೇ, ಆದರೆ ತಾಯಿಯಾದವಳಿಗೆ ಹಾಕಿದ ಆ ದಂಡ ನನಗೆ ಇವತ್ತಿಗೂ ಜಾಸ್ತಿ ಅನ್ನಿಸುತ್ತದೆ.

ಇನ್ನು ಮನೆಯ ವಿಷಯ. ಅಪ್ಪ ಎರಡನೇ ಮದುವೆಯಾದರೆ ಬಂದವಳನ್ನು ಚಿಕ್ಕಮ್ಮ ಅಂತ ಕರೆದು ಮುಗಿಸುತ್ತೇವೆ. ಅಮ್ಮ ಆದರೆ? ಮಲತಂದೆ ಅನ್ನುವ ಪದ ಇದೆ ನಿಜ, ಆದರೆ ಹಾಗಂತ ಯಾರಾದರೂ ಬಾಯಿ ತುಂಬ ಕರೆದದ್ದನ್ನು ನಾನಂತೂ ಕೇಳಿಲ್ಲ. ಮದುವೆ, ಮುಂಜಿಯಂಥ ಜೆಂಬರದಲ್ಲಿ ಯಾರೋ "ಇವರು ನಿಮಗೆ ಏನಾಗಬೇಕು?" ಅಂದಾಗ ಗಂಟಲು ಕಟ್ಟುತ್ತದಲ್ವಾ, ನಿಮ್ಮ ಕಸಿವಿಸಿಯಲ್ಲಿ ಅರ್ಧ ಅದೇ. ಸದ್ಯಕ್ಕೆ ಅವರ ಹೆಸರಿಗೆ 'ಅಣ್ಣ'ನೋ 'ಮಾವ'ನೋ ಸೇರಿಸಿ ಕರೆಯಿರಿ. 'ಅಪ್ಪ' ಅನ್ನಲೇಬೇಕು ಅಂತ ಅಮ್ಮನೂ ಹಟ ಮಾಡಬಾರದು.

ಉಳಿದರ್ಧ ತೋಟದ್ದು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅಡಿಕೆ ತೋಟ ಎಲ್ಲಿಗೆ ಹೋಗುತ್ತದೋ ಅನ್ನುವ ಹೆದರಿಕೆ ಇದ್ದೇ ಇರುತ್ತದೆ. ಅಪ್ಪ ವೀಲುನಾಮೆ ಬರೆಯದೆ ಹೋಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಪ್ಪನ ಪಾಲಿನಲ್ಲಿ ಅಮ್ಮ, ಮಕ್ಕಳು, ಅಜ್ಜಿ (ಅಪ್ಪನ ಅಮ್ಮ) ಇದ್ದರೆ ಅಜ್ಜಿ, ಎಲ್ಲರಿಗೂ ಸಮ. ಅಮ್ಮ ಮತ್ತೆ ಮದುವೆಯಾದಳು ಅಂತ ಅವಳ ಪಾಲು ಕೈತಪ್ಪುವುದಿಲ್ಲ, ನಿಮ್ಮದೂ ಹೋಗುವುದಿಲ್ಲ. ಸರಕಾರದ ವಿಧವಾ ಪಿಂಚಣಿ ಬರುತ್ತಿದ್ದರೆ ಅದು ಮಾತ್ರ ನಿಲ್ಲುತ್ತದೆ.

ಮತ್ತೊಂದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವುದಾದರೆ 30 ದಿನದ ನೋಟೀಸು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಅದನ್ನು ನೋಡಿದವರು ಬಂದು ಹೇಳುವ ಮೊದಲು ಅಜ್ಜಿಗೆ ನೀವೇ ಹೇಳಿಬಿಡಿ.