ಲೆಡ್ಡೋ, ಲೀಡೋ?

ಬೆಸುಗೆ ಹಾಕುವ ಮೇಜಿನ ಮೇಲೆ ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗ, ಒಂದು ರೆಸಿಸ್ಟರ್ ಇದೆ ಎನ್ನಿ. ಅದರ ಎರಡು ತುದಿಗಳಿಂದ ಹೊರಟ ತೆಳು ತಂತಿಗಳು ‘ಲೀಡ್’ಗಳು. ಪಕ್ಕದ ಸುರುಳಿಯ ಬೆಸುಗೆ ತಂತಿಯಲ್ಲಿ ನೂರಕ್ಕೆ 60 ಪಾಲು ತವರ, 40 ಪಾಲು ‘ಲೆಡ್’, ಅಂದರೆ ಸೀಸ. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ನಾಲ್ಕಕ್ಷರ: ಎಲ್, ಇ, ಎ, ಡಿ.

ಗೊಂದಲ ಹುಟ್ಟುವುದು ಪೊಟ್ಟಣದ ಮೇಲಿನ ಬರಹ ಓದುವಾಗ. ‘ಲೆಡ್ ಫ್ರೀ’ ಎಂದರೆ ಸೀಸವಿಲ್ಲದ್ದು. ‘ಲೀಡ್‌ಲೆಸ್’ ಎಂದರೆ ಹೊರಚಾಚಿದ ಕಾಲುಗಳಿಲ್ಲದ ಚಿಪ್. ಮೊದಲನೆಯದನ್ನು ಗಮನಿಸದಿದ್ದರೆ ಕೆಲಸವೇ ಕೆಡುತ್ತದೆ. ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ಗೇ ಕರಗತೊಡಗುತ್ತದೆ. ತವರ, ಬೆಳ್ಳಿ, ತಾಮ್ರ ಸೇರಿದ ಸೀಸರಹಿತ ಬೆಸುಗೆಗೆ ಸುಮಾರು 217 ಬೇಕು. ಕಾವು ಸಾಲದಿದ್ದರೆ ಬೆಸುಗೆ ಹರಡದೆ ಉಂಡೆಗಟ್ಟುತ್ತದೆ, ಸಂಪರ್ಕ ಆಗಾಗ ಕೈಕೊಡುತ್ತದೆ.

ಇವು ಒಂದೇ ಪದದ ಎರಡು ಅರ್ಥಗಳೆಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ, ಹುಟ್ಟಿನಿಂದಲೇ ಬೇರೆ ಪದಗಳು. ಹಳೆಯ ಇಂಗ್ಲಿಷಿನಲ್ಲಿ ಎರಡರಲ್ಲೂ ಸ್ವರ ದೀರ್ಘವಾಗಿತ್ತು, ಆದರೆ ಒಂದೇ ಆಗಿರಲಿಲ್ಲ. ಮುಂದೆ ಲೋಹದ ಹೆಸರಿನ ಸ್ವರ ಹ್ರಸ್ವವಾಯಿತು. ಹೆಡ್, ಬ್ರೆಡ್, ಡೆಡ್ ಪದಗಳಿಗೂ ಹೀಗೇ ಆಯಿತು. ‘ಮುನ್ನಡೆಸು’ ಎಂಬ ಅರ್ಥದ ಕ್ರಿಯಾಪದ ಮಾತ್ರ ದೀರ್ಘವನ್ನು ಉಳಿಸಿಕೊಂಡು ‘ಈ’ಕಾರಕ್ಕೆ ಏರಿತು. ಅದರ ಭೂತಕಾಲದ ರೂಪವೂ ‘ಲೆಡ್’ ಎಂದೇ ಕೇಳಿಸುತ್ತದೆ, ಆದರೆ ಇಂಗ್ಲಿಷ್ ಕಾಗುಣಿತದಲ್ಲಿ ‘ಎ’ (a) ಅಕ್ಷರ ಇಲ್ಲ. ‘ರೀಡ್’ ಭೂತಕಾಲದಲ್ಲಿ ‘ರೆಡ್’ ಆದರೂ ಕಾಗುಣಿತ ಬದಲಾಗದು. ಅದನ್ನೇ ನಂಬಿ ಇಲ್ಲಿ ಎಡವುವವರು ಬಹಳ. ಕನ್ನಡಿಗರಿಗೆ ಉಚ್ಚಾರಣೆ ಸುಲಭವೇ: ‘ಎ’, ‘ಏ’ ಸ್ವರಗಳು ನಮ್ಮಲ್ಲಿ ಬೇರೆ ಬೇರೆ. ‘ಲೇಡ್’ ಎಂದು ಎಳೆದರೆ ಮಾತ್ರ ‘ಇಟ್ಟ’ ಎಂಬ ಅರ್ಥದ ಬೇರೊಂದು ಪದವಾಗಿಬಿಡುತ್ತದೆ.

ಯಾವುದನ್ನಾದರೂ ಒಯ್ಯುವ, ದಾರಿ ತೋರುವ ಕಡೆಯೆಲ್ಲ ‘ಲೀಡ್’. ಆಸ್ಪತ್ರೆಯ ಇಸಿಜಿಯಲ್ಲಿ ಮೈಗೆ ಅಂಟಿಸುವುದು 10 ಎಲೆಕ್ಟ್ರೋಡ್, ಕಾಗದದಲ್ಲಿ ಮೂಡುವುದು 12 ಲೀಡ್. ಇಲ್ಲಿ ಲೀಡ್ ಎಂದರೆ ಹೃದಯದ ವಿದ್ಯುತ್ತನ್ನು ಒಂದು ದಿಕ್ಕಿನಿಂದ ನೋಡಿದ ನೋಟ. ಲೆಕ್ಕ ಹೊಂದದಿರುವುದು ಅದಕ್ಕೇ. ಪಕ್ಕದ ಎಕ್ಸ್-ರೇ ಕೋಣೆಯಲ್ಲಿ ಸಿಬ್ಬಂದಿ ತೊಡುವುದು ‘ಲೆಡ್’ ಏಪ್ರನ್. ಮುದ್ರಣದಲ್ಲಿ ಸಾಲುಗಳ ನಡುವಿನ ಅಂತರ ‘ಲೆಡಿಂಗ್’; ಅಚ್ಚುಮೊಳೆಯ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದರು. ಡಿಟಿಪಿ ಮಾಡುವವರು ಅದನ್ನು ‘ಲೀಡಿಂಗ್’ ಎಂದರೆ ಆ ಪಟ್ಟಿಯ ನೆನಪೇ ಅಳಿಸಿಹೋಗುತ್ತದೆ.

ಪೆನ್ಸಿಲಿನೊಳಗಿನದ್ದು ‘ಲೆಡ್’ ಎಂದೇ ಉಚ್ಚಾರ, ಆದರೆ ಅಲ್ಲಿ ಸೀಸವಿಲ್ಲ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬೊರೋಡೇಲ್‌ನಲ್ಲಿ ಸಿಕ್ಕ ಕಪ್ಪು ಖನಿಜವನ್ನು ಜನ ಸೀಸದ ಬಗೆಯೆಂದೇ ತಿಳಿದರು. ಅದು ಇಂಗಾಲವೆಂದು ರಸಾಯನವಿಜ್ಞಾನಿ ಕಾರ್ಲ್ ಷೀಲೆ 1779ರಲ್ಲಿ ತೋರಿಸಿದರೂ ಹೆಸರು ಹೋಗಲಿಲ್ಲ. ನಮ್ಮ ‘ಸೀಸದ ಕಡ್ಡಿ’ಯಲ್ಲೂ ಅದೇ ತಪ್ಪು ಕೂತಿದೆ. ಒಳಗಿರುವುದು ಆ ಕಪ್ಪು ಖನಿಜವಾದ ಗ್ರಾಫೈಟ್ ಮತ್ತು ಜೇಡಿಮಣ್ಣು. ಮಗುವಿನ ಅಂಗೈಗೆ ಮೊನೆ ಚುಚ್ಚಿದರೆ ಸೀಸದ ವಿಷವೆಂದು ಹೆದರಬೇಡಿ; ಸೋಪುನೀರಿನಲ್ಲಿ ತೊಳೆದು, ಚೂರು ಒಳಗೆ ಮುರಿದಿದೆಯೇ ನೋಡಿ.